ಭಾನುವಾರದ ಕೆಮ್ಮು

ಕುದುರೆಗೆ ಕೈ ಹಾಕಿದ್ದೇ ತಡ, ಹಿಂದಿನಿಂದ ಕೆಮ್ಮು ಕೇಳಿಸಿತು.

ಕೆತ್ತನೆಗಾರ ತಿರುಗಿ ನೋಡಿದ. ಕಿಟಕಿಯ ಬಳಿ ಹೆಂಡತಿ ಏನೂ ಅರಿಯದವಳಂತೆ ಸ್ವೆಟರ್ ಹೆಣೆಯುತ್ತಿದ್ದಳು. ಎದುರಿಗೆ ಅವಳ ತಮ್ಮ, ಔಷಧಿ ಅಂಗಡಿಯವನು, ಚದುರಂಗದ ಮಣೆಯ ಮೇಲೆ ಕಣ್ಣು ನೆಟ್ಟು ಕೂತಿದ್ದ. ತುಟಿಯಂಚಿನಲ್ಲಿ ಸಣ್ಣ ನಗು.

‘ಓಹೋ, ತಮ್ಮನಿಗೆ ಸುಳಿವು ಕೊಟ್ಟಾಯಿತು’ ಎಂದುಕೊಂಡ ಕೆತ್ತನೆಗಾರ. ಹಟಕ್ಕೆ ಬಿದ್ದು ಕುದುರೆಯನ್ನು ಬಿಟ್ಟ, ಒಂಟೆಯನ್ನು ನಡೆಸಿದ. ಆಟ ಸಂಜೆಯವರೆಗೂ ಎಳೆಯಿತು. ಕೊನೆಗೂ ಸೋತ.

ಇದು ಒಂದು ದಿನದ ಮಾತಲ್ಲ. ಭಾನುವಾರ ಊಟ ಮುಗಿಸಿ ಭಾವ, ಭಾವಮೈದ ಮಣೆ ಹಾಕಿಕೊಂಡು ಕೂತರೆಂದರೆ ಇವಳಿಗೆ ಕೆಮ್ಮು ಹತ್ತಿಕೊಳ್ಳುತ್ತಿತ್ತು. ಉಳಿದ ದಿನ ಗಂಟಲು ಗಂಟೆ ಬಾರಿಸಿದಂತೆ ಖಣಖಣ. ತಮ್ಮನ ಅಂಗಡಿಯಲ್ಲಿ ಕೆಮ್ಮಿನ ಔಷಧಿ ಸಾಲುಸಾಲಾಗಿ ನಿಂತಿರುತ್ತಿತ್ತು, ಆದರೆ ಅಕ್ಕನಿಗೆಂದು ಒಂದು ಬಾಟಲಿ ತಂದವನಲ್ಲ. ಸಾಲದ್ದಕ್ಕೆ ಅವಳು ಆಟ ಅರಿಯದವಳೂ ಅಲ್ಲ. “ಚಿಕ್ಕಂದಿನಿಂದ ಅಕ್ಕನ ಹತ್ರ ಒಂದಾಟಾನೂ ಗೆದ್ದಿಲ್ಲ ನಾನು” ಎಂದು ತಮ್ಮನೇ ಹೇಳಿಕೊಂಡಿದ್ದ. ಮದುವೆಯಾದ ಹೊಸತರಲ್ಲಿ ಗಂಡನನ್ನೂ ಒಮ್ಮೆ ಸೋಲಿಸಿದ್ದಳು. ಅವನು ಆ ಹೊತ್ತಿನ ಊಟ ಬಿಟ್ಟ. ಅವಳು ಅಂದಿನಿಂದ ಕಾಯಿ ಮುಟ್ಟುವುದನ್ನೇ ಬಿಟ್ಟಳು.

ಕೆತ್ತನೆಗಾರ ಗೆದ್ದ ಭಾನುವಾರಗಳೂ ಇದ್ದವು, ಇಲ್ಲವೆಂದಲ್ಲ. ಆದರೆ ಗೆದ್ದರೆ ಅದು ಅವನ ತಲೆ, ಸೋತರೆ ಅವಳ ಗಂಟಲು.

“ಒಳಗೆ ಹೋಗಿ ಹೆಣಿಯೇ” ಎಂದು ಹೇಳಿ ನೋಡಿದ.

“ಬೆಳಕು ಇಲ್ಲೇ ಚೆನ್ನಾಗಿದೆ ರೀ.”

ಬಾಯಲ್ಲಿ ಅವಳನ್ನು ಗೆಲ್ಲುವಂತಿರಲಿಲ್ಲ. ಆದರೆ ಅವನ ಕೈಯಲ್ಲಿ ಉಳಿ ಇತ್ತು.

ಗಿರಾಕಿಗಳ ಕೆಲಸ ಬದಿಗಿಟ್ಟು ಹೊಸ ಕಾಯಿಗಳನ್ನು ಕೆತ್ತಲು ಕೂತ. ಕರಿಮರದಲ್ಲಿ ಪುರಾತನ ಈಜಿಪ್ಟಿನ ಪಡೆ, ತಿಳಿಬಣ್ಣದ ಮರದಲ್ಲಿ ಬ್ಯಾಬಿಲೋನಿನ ಪಡೆ. ಅಲ್ಲಿ ಎಲ್ಲರೂ ಹದ್ದಿನ ಮುಖದ ದೇವರುಗಳು, ಇಲ್ಲಿ ಎಲ್ಲರೂ ಸುರುಳಿಗಡ್ಡದ ಮುದುಕರು. ರಾಜ, ಮಂತ್ರಿ, ಆನೆ, ಒಂಟೆ, ಕುದುರೆ, ಯಾವುದಕ್ಕೂ ಎತ್ತರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಸೊಂಟದ ಪಟ್ಟಿಯ ಮೇಲೆ ಮಾತ್ರ ಸಾಸಿವೆಯಷ್ಟು ಗುರುತು: ಮಂತ್ರಿಗೊಂದು ಹೂವು, ಕುದುರೆಗೊಂದು ಗೊರಸು. ಮಣೆಯ ಮೇಲೆ ಬಗ್ಗಿದವನಿಗೆ ಅದು ಕಾಣಬೇಕು. ಕಿಟಕಿಯ ಬಳಿ ಕೂತವಳಿಗೆ ಎಲ್ಲ ಮುದುಕರೂ ಒಂದೇ.

ಕುತಂತ್ರಕ್ಕೆಂದು ಹಿಡಿದ ಕೆಲಸ ಕೈಹಿಡಿದುಬಿಟ್ಟಿತು. ಗಡ್ಡದ ಒಂದೊಂದು ಸುರುಳಿಯಿಂದಲೂ ಹೊಟ್ಟು ಊದಿ ತೆಗೆಯುವಾಗ ಅವನಿಗೆ ಕೆಮ್ಮಿನ ನೆನಪೂ ಇರುತ್ತಿರಲಿಲ್ಲ.

ಹೆಂಡತಿ ಒಂದು ದಿನ ಬಂದು ಒಂದು ಕಾಯಿಯನ್ನು ಎತ್ತಿ ನೋಡಿದಳು. “ಜೀವಂತ ಇದಾನಲ್ರೀ! ಯಾರಿವನು?”

“ದೇವರು.”

“ಅಂದ್ರೆ ರಾಜನೋ, ಮಂತ್ರಿಯೋ?”

“ದೇವರು ಅಂದ್ರೆ ದೇವರು ಕಣೇ. ಕೆಳಗಿಡು, ಎಣ್ಣೆ ಆರಿಲ್ಲ.”

ಹಾಗೆಂದು ಅವನು ಮೋಸಗಾರನೇನಲ್ಲ. ಕಾಯಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಔಷಧಿ ಅಂಗಡಿಗೆ ಹೋದ, ಭಾವಮೈದನಿಗೆ ಗುರುತುಗಳನ್ನೆಲ್ಲ ಹೇಳಿಕೊಟ್ಟ. ಅವನು ಬಾಯಿಪಾಠ ಒಪ್ಪಿಸಿದ ಮೇಲೆ ದನಿ ತಗ್ಗಿಸಿ, “ನಿಮ್ಮಕ್ಕನಿಗೆ ಮಾತ್ರ ಹೇಳಬೇಡ” ಎಂದ.

ಭಾವಮೈದ ಅವನ ಮುಖವನ್ನೇ ನೋಡಿದ. “ಅಕ್ಕನಿಗೆ ಗೊತ್ತಾಗೋದು ನಿಜವಾಗ್ಲೂ ಬೇಡ್ವಾ ಭಾವ?”

“ಬೇಡ.”

“ಯೋಚನೆ ಮಾಡಿ.”

“ಮಾಡಿಯೇ ಕೆತ್ತಿದ್ದೀನಿ. ಈ ಸಲ ಸೋತವರು ಮೀಸೆ ಬೋಳಿಸ್ಬೇಕು. ಒಪ್ಪಿಗೆನಾ?”

“ಅಯ್ಯೋ, ಬೇಡ ಭಾವ. ನಿಮ್ಮ ಮೀಸೆ ನೋಡಿ ನೋಡಿ ಅಭ್ಯಾಸ ಆಗ್ಬಿಟ್ಟಿದೆ.”

ಆ ಮಾತು ಕೆತ್ತನೆಗಾರನನ್ನು ಉರಿಸಿತು. ಪಣ ಅಲ್ಲಿಗೇ ಗಟ್ಟಿಯಾಯಿತು.

ಭಾನುವಾರ ಬಂತು. ಕಾಯಿ ಹೂಡುವ ಮೊದಲೇ ಕೆತ್ತನೆಗಾರ ಹೆಂಡತಿಯನ್ನು ಕಾಫಿಗೆಂದು ಅಡುಗೆಮನೆಗೆ ಅಟ್ಟಿದ. ಹೂಡುವಾಗ ನೋಡಿದರೆ ಯಾವುದು ಎಲ್ಲಿತ್ತೆಂದು ನೆನಪಿಟ್ಟುಕೊಳ್ಳುವ ಜಾತಿ ಅವಳು. ಅವಳು ಲೋಟ ಹಿಡಿದು ಬರುವಷ್ಟರಲ್ಲಿ ಎರಡು ಪಡೆಗಳೂ ಕಲಸುಮೇಲೋಗರವಾಗಿದ್ದವು.

ಲೋಟಗಳನ್ನಿಟ್ಟು ಕಿಟಕಿಯ ಬಳಿ ಹೋಗಿ ಕೂತಳು. ಮಣೆ ನೋಡಿದಳು. ಕತ್ತು ಉದ್ದ ಮಾಡಿದಳು. ಕನ್ನಡಕ ಒರೆಸಿ ಮತ್ತೆ ನೋಡಿದಳು. ಹೆಣಿಗೆಯ ಕಡ್ಡಿಗಳು ನಿಂತೇಹೋದವು.

ಕೆತ್ತನೆಗಾರ ಬೇಕೆಂದೇ ನಿಧಾನವಾಗಿ ಒಬ್ಬ ಮುದುಕನ ನೆತ್ತಿಗೆ ಬೆರಳಿಟ್ಟ. ಕಿವಿ ಕಿಟಕಿಯ ಕಡೆಗಿತ್ತು.

ಸದ್ದಿಲ್ಲ.

ನಡೆಸಿದ. ಇನ್ನೊಬ್ಬನನ್ನು ಮುಟ್ಟಿದ. ಆಗಲೂ ಸದ್ದಿಲ್ಲ. ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೆಗಲ ಮೇಲಿನ ಪೊಲೀಸು ಇಳಿದುಹೋದಂತೆ ಕೈ ಹಗುರಾಯಿತು. ಎಡಗೈಯಲ್ಲಿ ಮೀಸೆ ತಿರುವುತ್ತ ಬಲಗೈಯಲ್ಲಿ ಪಟಪಟನೆ ಕಾಯಿ ನಡೆಸತೊಡಗಿದ.

ಭಾವಮೈದ ಒಂದು ಕಾಯಿಯನ್ನು ಸದ್ದಾಗದಂತೆ ಸರಿಸಿದ. “ಚೆಕ್‌ಮೇಟ್ ಭಾವ.”

ಕೆತ್ತನೆಗಾರ ರಾಜನನ್ನು ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ. ದಾರಿಯಿಲ್ಲ. ಲೋಟದಲ್ಲಿ ಕಾಫಿ ಇನ್ನೂ ಹಬೆಯಾಡುತ್ತಿತ್ತು. ಜನ್ಮದಲ್ಲಿ ಇಷ್ಟು ಬೇಗ ಅವನು ಸೋತಿರಲಿಲ್ಲ.

“ಅದ್ಹೇಗೆ ಸಾಧ್ಯ?” ಅವನು ದಡಕ್ಕನೆ ಎದ್ದು ನಿಂತ. ಗುಟ್ಟು ತಾನಾಗಿಯೇ ಬಾಯಿಂದ ಜಾರಿತು: “ಇವತ್ತು ಇವಳು ಒಂದು ಸಲಾನೂ ಕೆಮ್ಮಲೇ ಇಲ್ವಲ್ಲ!”

ಭಾವಮೈದ ತಲೆ ತಗ್ಗಿಸಿ ಕಾಫಿ ಕುಡಿಯತೊಡಗಿದ.

ಹೆಂಡತಿ ನಿಟ್ಟುಸಿರು ಬಿಟ್ಟಳು. “ಇಷ್ಟು ವರ್ಷ ನೀವು ತಪ್ಪು ಕಾಯಿ ಮುಟ್ಟಿದಾಗೆಲ್ಲ ಕೆಮ್ಮಿ ಕೆಮ್ಮಿ ನಿಮ್ಮನ್ನ ಕಾಪಾಡ್ಕೊಂಡು ಬಂದೆ ರೀ; ಇವತ್ತು ಕುದುರೆ ಯಾವ್ದು, ಮಂತ್ರಿ ಯಾವ್ದು ಅಂತಾನೇ ಗೊತ್ತಾಗ್ದೆ ಹೋದ್ರೆ ನಾನಾದ್ರೂ ಹೇಗೆ ಕೆಮ್ಮಲಿ?”