ಗೆರೆ ಮೂಡಿದ ಹೊಟ್ಟೆ

ಅತ್ತೆ ಜಿಮ್ಮಿನ ಗಾಜಿನ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಒಳಗೆ ಬಂದಾಗ, ಸೊಸೆ ಕನ್ನಡಿಯ ಮುಂದೆ ಹೊಟ್ಟೆ ಬಿಗಿಹಿಡಿದು ನಿಂತಿದ್ದಳು. ಎದುರಿಗೆ ಫೋಟೋದವನು ದೀಪ ಹೊಂದಿಸುತ್ತಿದ್ದ. ಇಬ್ಬರು ಮಕ್ಕಳ ತಾಯಿ, ಅಂಚೆ ಕಚೇರಿಯ ಕೌಂಟರಿನಲ್ಲಿ ದಿನವಿಡೀ ಕೂತಿರುವವಳು, ಎಂಟೇ ತಿಂಗಳಲ್ಲಿ ಹೊಟ್ಟೆಯ ಮೇಲೆ ಗೆರೆ ಮೂಡಿಸಿಕೊಂಡಿದ್ದಾಳೆಂದು ಅವಳ ಫೋಟೋವನ್ನು ಜಿಮ್ಮಿನ ಗೋಡೆಗೆ ಹಾಕುವವರಿದ್ದರು.

"ಅಮ್ಮಾ, ಹತ್ತೇ ನಿಮಿಷ ಹೊರಗಿರಿ," ಎಂದು ಟ್ರೇನರ್ ಹುಡುಗಿ ಅಡ್ಡ ಬಂದಳು. ಇಪ್ಪತ್ತನಾಲ್ಕರ ಪ್ರಾಯ, ಅವಳದ್ದೂ ಹಲಗೆಯಂಥ ಹೊಟ್ಟೆ.

ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸಾಗಿದ್ದ ಅತ್ತೆಗೆ ಬಾಗಿಲ ಹೊರಗೆ ನಿಂತು ಅಭ್ಯಾಸವಿರಲಿಲ್ಲ. ನೇರ ಹೋಗಿ ಸೊಸೆಯ ಹೊಟ್ಟೆ ನೋಡಿದಳು. ಮೇಲೆ ನಾಲ್ಕು ಚೌಕ ಅಚ್ಚೊತ್ತಿದ ಹಾಗಿದ್ದವು, ಕೆಳಗೆ ಇನ್ನೆರಡು ಮಸುಕಾಗಿ. ಚೆನ್ನಾಗಿತ್ತು, ಸುಳ್ಳೇಕೆ ಹೇಳಬೇಕು? ಈ ಎಂಟು ತಿಂಗಳು ಬೆಳಿಗ್ಗೆ ಎದ್ದು ಕಾಳು, ಮೊಟ್ಟೆ ಬೇಯಿಸಿ ಡಬ್ಬಿಗೆ ತುಂಬಿದವಳು ಅವಳೇ. ಸೊಸೆ ನಲವತ್ತು ಕಿಲೋ ಎತ್ತಿದ ದಿನ ಬೀದಿಗೆಲ್ಲ ಸಾರಿದವಳೂ ಅವಳೇ. ಆದರೆ ನಾಲ್ಕು ತಿಂಗಳಿಂದ ಡಬ್ಬಿ ಅರ್ಧಕ್ಕರ್ಧ ವಾಪಸು ಬರುತ್ತಿತ್ತು. ಇವತ್ತು ಬೆಳಿಗ್ಗೆಯಂತೂ ಸೊಸೆ ಬಚ್ಚಲ ಬಾಗಿಲು ಹಿಡಿದು ಕುಸಿದು ಕೂತಿದ್ದಳು. "ಏನಿಲ್ಲ ಅತ್ತೆ" ಎಂದು ಎದ್ದು ಹೊರಟೂ ಬಂದಿದ್ದಳು.

"ನೀರು ಕುಡಿದು ಎಷ್ಟು ಹೊತ್ತಾಯ್ತು?"

"ನಿನ್ನೆ ಮಧ್ಯಾಹ್ನ ಕುಡಿದಿದ್ದು. ನೀರು ಬಿಟ್ಟರೆ ಗೆರೆ ಎದ್ದು ಕಾಣುತ್ತಂತೆ."

"ಮುಟ್ಟಾಗಿ?"

ಅದು ವಾರ್ಡಿನ ದನಿ. ಫೋಟೋದವನಿಗೆ ತಟ್ಟನೆ ಹೊರಗೇನೋ ಕೆಲಸ ನೆನಪಾಯಿತು.

"ಮೂರು ತಿಂಗಳು," ಎಂದಳು ಸೊಸೆ, ನೆಲ ನೋಡುತ್ತ.

"ಗಾಬರಿ ಬೇಡ ಅಮ್ಮಾ," ಟ್ರೇನರ್ ನಡುವೆ ಬಾಯಿ ಹಾಕಿದಳು. "ಕೊಬ್ಬು ತೀರಾ ಇಳಿದಾಗ ಹಾಗಾಗೋದು ಮಾಮೂಲಿ. ನನಗೇ ಹದಿನಾಲ್ಕು ತಿಂಗಳಿಂದ..." ಮಾತು ಅಲ್ಲಿಗೇ ನಿಂತಿತು.

ಚೆನ್ನಾಗಿ ಬಯ್ಯಬೇಕೆಂದೇ ಬಂದಿದ್ದ ಅತ್ತೆ ತೆರೆದ ಬಾಯಿ ಮುಚ್ಚಿ ಹುಡುಗಿಯನ್ನು ನೋಡಿದಳು. ಕೆನ್ನೆ ಒಳಕ್ಕೆ ಹೋಗಿತ್ತು. ಉಗುರುಗಳು ಬಿಳಿಚಿಕೊಂಡಿದ್ದವು.

"ಇವತ್ತೊಂದು ದಿನ ಬಿಟ್ಬಿಡಿ ಅತ್ತೆ," ಸೊಸೆ ತಲೆಯೆತ್ತಿದಳು. "ಹೋದ ವರ್ಷ ಬಸ್ಸಲ್ಲಿ ಒಬ್ಬಳು ಎದ್ದು ನಂಗೆ ಸೀಟು ಕೊಟ್ಟಳು. 'ಎಷ್ಟು ತಿಂಗಳು?' ಅಂದ್ಲು. ಚಿಕ್ಕವನಿಗೆ ಆಗಲೇ ನಾಲ್ಕು ವರ್ಷ! ಬಸ್ಸಿಗೆ ಬಸ್ಸೇ ನನ್ನನ್ನ ನೋಡ್ತಿತ್ತು. ನಾನು 'ಐದು' ಅಂದು ಕೂತುಬಿಟ್ಟೆ."

ಅತ್ತೆಗೆ ನಗು ಬಂತು, ಆದರೆ ನಗಲಿಲ್ಲ. ಭಾರ ಎತ್ತುವ ಬೆಂಚಿನ ಮೇಲೆ ಕೂತು ಸೊಸೆಯನ್ನೂ ಪಕ್ಕಕ್ಕೆ ಎಳೆದುಕೊಂಡಳು.

"ಆವತ್ತೇ ನಂಗೆ ಹೇಳೋಕೇನಾಗಿತ್ತೇ? ನೋಡು, ಆಪರೇಷನ್ ಮಾಡಿ ಮಗು ತೆಗೆಯೋವಾಗ ಎಷ್ಟು ಹೊಟ್ಟೆ ಒಳಗೆ ಕಣ್ಣಾರೆ ನೋಡಿದ್ದೀನೋ ಲೆಕ್ಕ ಇಲ್ಲ. ದಪ್ಪಗಿದ್ದೋಳಿಗೂ ಇರುತ್ತೆ, ಸಣ್ಣಗಿದ್ದೋಳಿಗೂ ಇರುತ್ತೆ, ಪಕ್ಕಪಕ್ಕ ಎರಡು ಮಾಂಸಖಂಡದ ಪಟ್ಟಿ. ನಿನ್ನದನ್ನ ಗಟ್ಟಿ ಮಾಡಿದ್ದು ನೀನೆತ್ತಿದ ಭಾರ, ತಿಂದ ಅನ್ನ. ಈ ನಾಲ್ಕು ತಿಂಗಳ ಉಪವಾಸ ಅದರ ಮೇಲಿದ್ದ ಕೊಬ್ಬಿನ ಹೊದಿಕೆ ಕಿತ್ತುಕೊಂಡಿತು, ಅಷ್ಟೇ. ಹೊದಿಕೆ ಸ್ವಲ್ಪವಾದ್ರೂ ಬೇಕು ಕಣೇ ಹೆಣ್ಣಿನ ಮೈಗೆ."

ಚೀಲದಿಂದ ನೀರಿನ ಬಾಟಲಿ, ಬ್ರೆಡ್ಡು, ಮೊಟ್ಟೆಯ ಡಬ್ಬಿ ಹೊರಬಂದವು.

"ಫೋಟೋ ಬೇಡ ಅನ್ನಲ್ಲ. ತಿಂದು, ಕುಡಿದು ತೆಗೆಸ್ಕೋ."

"ಕೆಳಗಿನ ಎರಡು ಕಾಣೋದೇ ಇಲ್ಲ ಆಮೇಲೆ," ಎಂದಳು ಟ್ರೇನರ್, ಮೆಲ್ಲಗೆ.

ಸೊಸೆ ಕನ್ನಡಿಯನ್ನೊಮ್ಮೆ ನೋಡಿದಳು, ಬಾಟಲಿಯನ್ನೊಮ್ಮೆ ನೋಡಿದಳು. ಆಮೇಲೆ ಎತ್ತಿದ ಬಾಟಲಿಯನ್ನು ಖಾಲಿಯಾಗುವವರೆಗೂ ಇಳಿಸಲಿಲ್ಲ. ಗದ್ದದಿಂದ ಇಳಿದ ನೀರು ಆ ನಾಲ್ಕು ಚೌಕಗಳ ನಡುವೆ ದಾರಿ ಹುಡುಕಿಕೊಂಡು ಹರಿಯಿತು. ಅರ್ಧ ಗಂಟೆ ಬಿಟ್ಟು ಫೋಟೋದವನು ಕ್ಲಿಕ್ಕಿಸಿದಾಗ ಕೆಳಗಿನ ಎರಡು ಚೌಕ ನಿಜವಾಗಿಯೂ ಇರಲಿಲ್ಲ. ಸೊಸೆ ಮಾತ್ರ ಎರಡೂ ಕಾಲ ಮೇಲೆ ನೆಟ್ಟಗೆ ನಿಂತಿದ್ದಳು.

"ಸೋಮವಾರ ಡಾಕ್ಟರ ಹತ್ರ ಹೋಗೋಣ. ಇಬ್ಬರೂ," ಎಂದು ಅತ್ತೆ ಡಬ್ಬಿಯನ್ನು ಟ್ರೇನರ್ ಹುಡುಗಿಯ ಕಡೆ ಸರಿಸಿದಳು. "ನಿನ್ನನ್ನೂ ಸೇರಿಸಿಯೇ ಹೇಳಿದ್ದು ಮಗಳೇ."

ಹುಡುಗಿ ಒಂದು ಮೊಟ್ಟೆ ತೆಗೆದುಕೊಂಡಳು. ಬಿಳಿಯನ್ನು ಬಿಡಿಸಿ ತಿಂದು, ಹಳದಿಯನ್ನು, ಕೊಬ್ಬೆಂದು ಬಿಡುವ ರೂಢಿಯಂತೆ, ಡಬ್ಬಿಯ ಮುಚ್ಚಳದ ಮೇಲೆ ಪಕ್ಕಕ್ಕಿಟ್ಟಳು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತಳು. ಆಮೇಲೆ, ಯಾರಾದರೂ ಕಿತ್ತುಕೊಂಡಾರೆಂಬಂತೆ, ಇಡಿಯಾಗಿ ಬಾಯಿಗೆ ಹಾಕಿಕೊಂಡಳು.