ಬ್ರೆಡ್ ವ್ಯಾನಿನವನ ಲೈಸೆನ್ಸು

"ಕಳೆದುಹೋಯ್ತು ಸಾರ್," ಎಂದ ಬ್ರೆಡ್ ವ್ಯಾನಿನ ಚಾಲಕ.

ಸಾರಿಗೆ ಕಚೇರಿಯ ಕಿಟಕಿಯಾಚೆಯ ಗುಮಾಸ್ತ ತಲೆಯೆತ್ತಲಿಲ್ಲ. "ಎಲ್ಲಿ?"

"ಎಲ್ಲಿ ಅಂತ ಗೊತ್ತಿದ್ರೆ ಹೋಗಿ ತಗೊಂಡು ಬರ್ತಿರಲಿಲ್ವಾ ಸಾರ್?"

ಉತ್ತರವೇನೋ ಭರ್ಜರಿಯಾಗಿತ್ತು. ಹೆಂಡತಿಯ ಮುಂದೆ ನಿಂತು ಬಾಯಿಪಾಠ ಒಪ್ಪಿಸಿ ಬಂದಿದ್ದ. ಆದರೆ ಲೈಸೆನ್ಸು ಹೋದದ್ದು ಎಲ್ಲಿಗೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಸೋಮವಾರ ಸಂಜೆ ಚೌಕದಲ್ಲಿ ಕೆಂಪು ದೀಪ ಲೆಕ್ಕಿಸದೆ ವ್ಯಾನು ನುಗ್ಗಿಸಿದ್ದ. ಟ್ರಾಫಿಕ್ ಪೊಲೀಸಪ್ಪ ಅಡ್ಡ ನಿಂತ. ಕಣ್ಣಿಗೆ ಕರಿ ಕನ್ನಡಕ, ಗಾಡಿಗಳ ಹೊಗೆ ಕುಡಿಯಬಾರದೆಂದು ಮೂಗಿನಿಂದ ಕುತ್ತಿಗೆವರೆಗೆ ಬಟ್ಟೆ. ಲೈಸೆನ್ಸು ಕಿತ್ತುಕೊಂಡು ಜೇಬಿಗಿಳಿಸಿ, "ಠಾಣೆಗೆ ಬಾ" ಎಂದು ಮುಂದಿನ ಗಾಡಿಯತ್ತ ಹೋಗಿಬಿಟ್ಟ.

ಪಾಪ, ಚಾಲಕ ಹೋಗಲಿಲ್ಲವೆಂದಲ್ಲ. ಎರಡು ಸಲ ಹೋದ. ದಂಡ ಕಟ್ಟುತ್ತೇನೆ, ಲೈಸೆನ್ಸು ಕೊಡಿ ಎಂದು ಅಂಗಲಾಚಿದ. ಎರಡು ಸಲವೂ ಒಂದೇ ಮಾತು: ಕಪಾಟಿನ ಬೀಗದಕೈ ಇರೋರು ರಜೆ, ನಾಳೆ ಬಾ.

ಅತ್ತ ಬೇಕರಿ ಯಜಮಾನರಿಗೆ ವ್ಯಾನಿನ ವಿಮೆ ಮಾಡಿಸುವ ಅವಸರ. ಮುಂದಿನ ಶನಿವಾರದೊಳಗೆ ಮೇಜಿನ ಮೇಲೆ ಲೈಸೆನ್ಸು ಇರಬೇಕು, ಇಲ್ಲವೇ ವ್ಯಾನಿನ ಕೀಲಿ ಇರಬೇಕು, ಅಲ್ಲಿಯವರೆಗೆ ಒಳಗೆ ಟ್ರೇ ತೊಳಿ ಎಂದಿದ್ದರು. ಪೊಲೀಸರು ಕಿತ್ತುಕೊಂಡರೆಂದು ಅವರಿಗೆ ಹೇಳುವಂತೆಯೂ ಇರಲಿಲ್ಲ; ಪೊಲೀಸರ ಕೈಗೆ ಸಿಕ್ಕವನನ್ನು ಅವರು ಮರುದಿನ ಇಟ್ಟುಕೊಂಡ ದಾಖಲೆಯೇ ಇಲ್ಲ. ಮದುವೆಗೂ ಮುಂಚಿನಿಂದ ಮಾಡಿಕೊಂಡು ಬಂದ ಕೆಲಸ, ಹೋದರೆ ಬೀದಿಪಾಲು.

ಎರಡನೆಯ ಸಲ ಠಾಣೆಯ ಮೆಟ್ಟಿಲ ಮೇಲೆ ನಿಂತೇ ಹೆಂಡತಿಗೆ ಫೋನು ಮಾಡಿದ. ಅವಳ ಗಂಟಲಿಗೆ ಫೋನಿನ ಅಗತ್ಯವೇ ಇರಲಿಲ್ಲ, ಠಾಣೆಯೊಳಗಿನವರಿಗೂ ಕೇಳಿಸುವಂತಿತ್ತು. "ನಾಳೆ ನಾಳೆ ಅಂತ ಅವರು ಆಡಿಸ್ತಿದ್ರೆ ನೀವೂ ಬಾಯಿ ಬಿಟ್ಕೊಂಡು ನಿಂತಿದ್ದೀರಲ್ರೀ! ಕಳೆದೋಯ್ತು ಅಂತ ಹೇಳಿ ಇನ್ನೊಂದು ಮಾಡಿಸ್ಕೊಳ್ಳಿ!"

ಹೀಗೆ ಶುರುವಾದ ಉಪಾಯ ಈಗ ಈ ಕಿಟಕಿಯ ಮುಂದೆ ಮುಗ್ಗರಿಸಿತು.

"ಕಳೆದುಹೋಗಿದೆ ಅಂತ ಪೊಲೀಸರು ಕೊಟ್ಟ ಚೀಟಿ ಎಲ್ರೀ?" ಎಂದ ಗುಮಾಸ್ತ.

ಪೊಲೀಸರು! ಚಾಲಕ ಬಾಗಿಲತ್ತ ತಿರುಗಿದ. ಆಗ ಹಿಂದಿನಿಂದ ಯಾರೋ ಹೆಗಲು ಮುಟ್ಟಿದರು. ನೀಲಿ ಅಂಗಿ, ದಪ್ಪ ಮೀಸೆ, ಮುಖದ ತುಂಬ ಅಕ್ಕರೆ.

"ಅದೇನು ಮಹಾ! ಇಲ್ಲೇ ಟೀ ಕುಡೀತಾ ಇರಿ ಅಣ್ಣ, ನಾನು ತಂದ್ಕೊಡ್ತೀನಿ."

ಟೀ ಆರುವುದರೊಳಗೆ ಮೊಹರು ಬಿದ್ದ ಚೀಟಿ ಬಂತು. ಅಬ್ಬಾ, ಎಂಥಾ ದಲ್ಲಾಳಿ! ಎಷ್ಟು ಕೀಳುತ್ತಾನೋ ಎಂದು ಚಾಲಕ ಜೇಬು ಮುಟ್ಟಿ ನೋಡಿಕೊಂಡ. ನೀಲಿ ಅಂಗಿಯವನು ಅರ್ಜಿಯನ್ನೂ ತಾನೇ ಎಳೆದುಕೊಂಡು ಬರೆಯತೊಡಗಿದ.

"ಕಳೆದದ್ದು ಸೋಮವಾರ ಸಂಜೆ ಅಲ್ವೇನಣ್ಣ?"

"ನಿಮಗೆ ಹೇಗೆ ಗೊತ್ತು?"

"ಸೋಮವಾರ ಸಂಜೆ ಯಾರಿಗೆ ತಲೆ ನೆಟ್ಟಗಿರುತ್ತೆ ಬಿಡಿ," ಎಂದು ಆತ ಯಾಕೋ ನಿಟ್ಟುಸಿರು ಬಿಟ್ಟ.

ಅಲ್ಲಿಂದ ಮುಂದೆ ಕಾಯುವ ಪಡಿಪಾಟಲು. ಅರ್ಜಿಯ ನಂಬರು ಒತ್ತಿದರೆ ಸ್ಥಿತಿ ಏನೆಂದು ಫೋನಿನಲ್ಲೇ ಕಾಣುತ್ತಿತ್ತು. ಟ್ರೇ ತೊಳೆದ ಒದ್ದೆ ಬೆರಳಲ್ಲಿ ಚಾಲಕ ಒತ್ತಿದ್ದೇ ಒತ್ತಿದ್ದು. 'ಪರಿಶೀಲನೆಯಲ್ಲಿದೆ.' ಮತ್ತೆ ಒತ್ತಿದರೂ 'ಪರಿಶೀಲನೆಯಲ್ಲಿದೆ.' ಯಾವ ಗಳಿಗೆಯಲ್ಲಿ 'ಎಲವೋ ಸುಳ್ಳುಗಾರ, ಅದು ಪೊಲೀಸರ ಹತ್ತಿರ ಇದೆ' ಎಂದು ತೋರಿಸುತ್ತದೋ ಎಂದು ಅವನಿಗೆ ಅನ್ನ ಸೇರಲಿಲ್ಲ. ಕೆಲಸವೂ ಹೋಗಿ ಸುಳ್ಳು ಹೇಳಿದ ಕೇಸೂ ಬಿದ್ದರೆ?

ವಿಚಿತ್ರವೆಂದರೆ ನೀಲಿ ಅಂಗಿಯವನ ಚಡಪಡಿಕೆ ಅವನಿಗಿಂತ ಒಂದು ಕೈ ಮೇಲು. ಬೆಳಿಗ್ಗೆ ಫೋನು, ಸಂಜೆ ಫೋನು. "ಅಣ್ಣಾ, ಬಂತಾ?"

"ನಿಮಗಿಂತ ಅವನಿಗೇ ಅರ್ಜೆಂಟು," ಎಂದಳು ಹೆಂಡತಿ. "ಬಿಟ್ಟಿ ಉಪಕಾರ ಯಾರ್ರೀ ಮಾಡ್ತಾರೆ ಈ ಕಾಲದಲ್ಲಿ? ಕೊನೇಲಿ ದೊಡ್ಡ ಗಂಟೇ ಕೇಳ್ತಾನೆ ನೋಡ್ತಿರಿ."

ಮರುವಾರದ ಗುರುವಾರ ಸ್ಥಿತಿ ಬದಲಾಯಿತು: 'ಪೊಲೀಸ್ ದಾಖಲೆಗಳೊಂದಿಗೆ ತಾಳೆ ನೋಡಲಾಗುತ್ತಿದೆ.'

ಚಾಲಕ ತಕ್ಷಣ ನೀಲಿ ಅಂಗಿಯವನಿಗೆ ಫೋನು ಮಾಡಿ ಓದಿ ಹೇಳಿದ. ಆ ಕಡೆಯಿಂದ ನಡುಗುವ ದನಿ: "ಠಾಣೆಯೋರು ಕಂಪ್ಯೂಟರಿಗೆ ಯಾವುದನ್ನೂ ಬೇಗ ಹಾಕಲ್ಲ ಅಣ್ಣ. ಏನೂ ಇರಲ್ಲ. ಇರಬಾರ್ದು."

ಶುಕ್ರವಾರ ಬೆಳಿಗ್ಗೆ ಒತ್ತಿದರೆ, 'ಮಂಜೂರಾಗಿದೆ. ಕಚೇರಿಯಲ್ಲಿ ಪಡೆಯಿರಿ.' ಚಾಲಕ ಎದ್ದೆನೋ ಬಿದ್ದೆನೋ ಎಂದು ಓಡಿದ. ನೀಲಿ ಅಂಗಿಯವನು ಮೊದಲೇ ಮೆಟ್ಟಿಲ ಮೇಲೆ ಕಾಯುತ್ತಿದ್ದ. ಹೊಸ ಲೈಸೆನ್ಸನ್ನು ಇಸಿದುಕೊಂಡು, ತಿರುಗಿಸಿ ಮುರುಗಿಸಿ ನೋಡಿ, ಕಣ್ಣಿಗೆ ಒತ್ತಿಕೊಂಡ. ದಲ್ಲಾಳಿಯ ಕಣ್ಣಲ್ಲಿ ನೀರು!

ಚಾಲಕನ ಮನಸ್ಸು ಕರಗಿಯೇ ಹೋಯಿತು. ಕೆಲಸ ಉಳಿಸಿದ ಪುಣ್ಯಾತ್ಮ, ಕೇಳಿದಷ್ಟು ಕೇಳಲಿ ಎಂದುಕೊಂಡು ಜೇಬಿಗೆ ಕೈ ಹಾಕಿದ.

"ದುಡ್ಡಾ? ಛೆ ಛೆ, ಬೇಡವೇ ಬೇಡ!" ನೀಲಿ ಅಂಗಿಯವನು ಎರಡು ಹೆಜ್ಜೆ ಹಿಂದೆ ಸರಿದ. ಅತ್ತಿತ್ತ ನೋಡಿ, ಚಾಲಕನ ಕೈ ಹಿಡಿದುಕೊಂಡು ದನಿ ತಗ್ಗಿಸಿದ.

"ನೀವೂ ಒಂದು ಉಪಕಾರ ಮಾಡಿ ಅಣ್ಣ. ಹೀಗೇ ನಮ್ಮ ಠಾಣೆಗೆ ಬಂದು ದಂಡ ಕಟ್ಟಿ, ಲೈಸೆನ್ಸು ವಾಪಸ್ ಸಿಕ್ತು ಅಂತ ಒಂದು ಸಹಿ ಹಾಕಿಬಿಡಿ. ಆವತ್ತು ಚೌಕದಲ್ಲಿ ನಿಮ್ಮಿಂದ ಕಿತ್ಕೊಂಡಿದ್ದನ್ನ ನಾನು ಠಾಣೆ ಸೇರೋದ್ರೊಳಗೆ ಎಲ್ಲೋ ಬೀಳಿಸ್ಕೊಂಡುಬಿಟ್ಟೆ."