ಅತ್ತೆಯ ಕೆಂಪು ಕಾರು

ಅಳಿಯ ತನ್ನ ನೀಲಿ ರೇಸ್ ಕಾರನ್ನು ತಂದು ಊಟದ ಮೇಜಿನ ಮೇಲೆ, ಅತ್ತೆಯ ಕೆಂಪು ಕಾರಿನ ಪಕ್ಕದಲ್ಲಿಟ್ಟ. ಎರಡೂ ಪ್ಲಾಸ್ಟಿಕ್ಕಿನ ಆಟಿಕೆ ಇಟ್ಟಿಗೆಗಳನ್ನು ಒಂದಕ್ಕೊಂದು ಕಚ್ಚಿಸಿ ಕಟ್ಟಿದ ಕಾರುಗಳು. ಅತ್ತೆಯಂತೂ ಹೊಲಿಗೆ ಕೆಲಸವನ್ನೇ ಬದಿಗಿಟ್ಟು ವಾರವಿಡೀ ತಮ್ಮ ಕಾರಿನ ಮುಂದೆ ಕೂತಿದ್ದರು. ಯಾರದ್ದು ಚೆನ್ನಾಗಿದೆ ಎಂದು ತೀರ್ಪು ಹೇಳಲು ಅವನ ಹೆಂಡತಿ ಕುರ್ಚಿ ಎಳೆದುಕೊಂಡಳು.

“ನಿಮ್ಮದೇ ಚೆನ್ನಾಗಿದೆ ಬಿಡಿ,” ಎಂದರು ಅತ್ತೆ. ಮದುವೆಯಾದಾಗಿನಿಂದ ಅಳಿಯನೊಂದಿಗೆ ಅವರದು ಇಂಥದೇ ಮಾತು: ಬನ್ನಿ, ಕೂತ್ಕೊಳ್ಳಿ, ಊಟ ಮಾಡಿ. ಆ ಮನೆಯಲ್ಲಿ ತಾನಿನ್ನೂ ನೆಂಟನೇ ಎಂದು ಅವನಿಗೆ ಅನಿಸುತ್ತಿತ್ತು.

“ಇಲ್ಲ ಅತ್ತೆ, ನಿಮ್ಮದೇ ಚೆಂದ. ಕಾರಿನ ಹಿಂದೆ ಅಡ್ಡಲಾಗಿರೋ ರೆಕ್ಕೆ ಮಾತ್ರ ಸ್ವಲ್ಪ ಸೊಟ್ಟಗಿದೆ. ಸರಿ ಮಾಡ್ಲಾ?” ಎಂದು ಅವನು ಕೈ ಚಾಚಿದ.

“ಏಯ್, ಮುಟ್ಟಬೇಡ ಕಣೋ! ಸೊಟ್ಟಗಿರೋದು ನಿನ್ನ ಕಣ್ಣು!” ಅತ್ತೆಯ ಕೈ ಅವನ ಬೆರಳುಗಳ ಮೇಲೆ ಫಟ್ಟನೆ ಬಿತ್ತು.

ಹೆಂಡತಿ ಬಾಯಿ ಬಿಟ್ಟುಕೊಂಡು ನೋಡಿದಳು. ಅತ್ತೆ ನಾಲಿಗೆ ಕಚ್ಚಿಕೊಂಡರು. “ಅಯ್ಯೋ, ತಪ್ಪು ತಿಳ್ಕೋಬೇಡಿ, ಬಾಯಿತಪ್ಪಿ ಬಂದ್ಬಿಡ್ತು...”

ಅಳಿಯ ಏಟು ಬಿದ್ದ ಕೈಯನ್ನು ಉಜ್ಜಿಕೊಂಡ. ಆಮೇಲೆ ಮುಖದ ತುಂಬ ನಗುತ್ತ, ಬೇಕೆಂದೇ ಮತ್ತೆ ಆ ರೆಕ್ಕೆಯತ್ತ ಕೈ ಚಾಚಿದ.

“ಮತ್ತೆ ನೋಡೇ ಇವನ್ನ!” ಎಂದು ಅತ್ತೆ ಮಗಳಿಗೆ ದೂರು ಹೇಳಿದರು.